ಕಾಫಿ ಕೊರಡಿನಲ್ಲಿ ಸೌಟು ಕೆತ್ತಿದ ನನ್ನ ಅನುಭವ

ಅರೇಬಿಕಾ ಕಾಫಿ ಗಿಡದ ಕಾಂಡದಿಂದ ಸೌಟು ಆಗುತ್ತದೆ. ಸೀಳುವುದಿಲ್ಲ, ಬಣ್ಣ ಬಿಡುವುದಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ನಮ್ಮನೆ ಅಡುಗೆಮನೆಯಲ್ಲಿ ಸುಮಾರು ಮೂರು ವರ್ಷದಿಂದ ದಿನಾ ಸಾರಿಗೆ ಬೀಳುತ್ತಿರುವ ಸೌಟೇ ಸಾಕ್ಷಿ. ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಮೂಡಿಗೆರೆ ಕಡೆಯ ಆಚಾರಿಗಳಿಂದ ಹಿಡಿದು ಬೆಂಗಳೂರಿನಲ್ಲಿ ಕೂತು ಚಮಚ ಕೆತ್ತುವ ಗೆಳೆಯರವರೆಗೆ ಎಲ್ಲರೂ ಇದು ಆಗದ ಕೆಲಸ ಅಂದಿದ್ದರು. "ಕಾಫಿ ಕೊರಡಿಗೆ ಕೈ ಹಾಕಿದ್ರೆ ಉಳಿನೂ ಹಾಳು, ಹೊತ್ತೂ ಹಾಳು. ಸುಮ್ನೆ ಒಲೆಗೆ ಹಾಕಿ ಮಾರಾಯ್ರೆ" ಅಂದಿದ್ದ ಆಚಾರಿಯೇ ಮೊನ್ನೆ ಬಂದು ಎರಡು ಸೌಟು ಪುಕ್ಕಟೆ ಒಯ್ದರು. ದುಡ್ಡು ಕೇಳಲಿಲ್ಲ, ಆ ಮುಖ ನೋಡಿದ್ದೇ ಸಾಕಿತ್ತು.

ಮರಕ್ಕೆ ಕಾಸು ಖರ್ಚಿಲ್ಲ. ಬಿಳಿ ಕಾಂಡಕೊರಕ, ಅಂದರೆ ಕಾಂಡದೊಳಗೆ ಸುರಂಗ ಕೊರೆಯುವ ಹುಳ, ಹೊಡೆದ ಗಿಡ ಇಲ್ಲದ ಅರೇಬಿಕಾ ತೋಟ ನಮ್ಮ ಕಡೆ ಇದೆಯೇ? ಆ ಹುಳ ದುಂಬಿಯಾಗಿ ಹಾರುವುದು ಏಪ್ರಿಲ್‌-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ತೊಗಟೆ ಮೇಲೆ ಉಬ್ಬುಗೆರೆ ಎದ್ದ, ಎಲೆ ಹಳದಿಯಾದ ಗಿಡಗಳನ್ನು ಹುಡುಕಿ ಕಿತ್ತು ಸುಡುತ್ತೇವೆ. ನಾನು ಆರಿಸುವುದು ಆ ಸುಡುವ ರಾಶಿಯಿಂದಲೇ. ಹಳೆಯ ಎಸ್.795 ಅನ್ನುವ ಅರೇಬಿಕಾ ತಳಿ ಆದರೆ ಬುಡದಲ್ಲಿ 3ರಿಂದ 4 ಇಂಚು ದಪ್ಪ ಸಿಗುತ್ತದೆ. ಇನ್ನೊಂದು ತಳಿ, ನಮ್ಮ ಚಂದ್ರಗಿರಿ, ಇನ್ನೂ ಎಳೆಯದು, ಉಪ್ಪಿನಕಾಯಿ ಚಮಚಕ್ಕಷ್ಟೇ. ಹುಳ ಎಲ್ಲಿ ಸುರಂಗ ಕೊರೆದಿದೆ ಅನ್ನುವುದು ಸೀಳುವವರೆಗೂ ತಿಳಿಯದು. ಹತ್ತು ಕೊರಡು ಸೀಳಿದರೆ ನಾಲ್ಕೈದು ಕೆಲಸಕ್ಕೆ ಬರುತ್ತವೆ, ಉಳಿದದ್ದು ಬೆಂಕಿಗೆ. ಒಂದು ಮಾತು ಮಾತ್ರ ನೆನಪಿರಲಿ: ಈ ಕೊರಡನ್ನು ಹಸಿಯಾಗಿ ಕೊಟ್ಟಿಗೆಯಲ್ಲಿ ಪೇರಿಸಿ ಇಡಬೇಡಿ. ಒಳಗಿನ ಹುಳ ದುಂಬಿಯಾಗಿ ಹೊರಟರೆ ಪಕ್ಕದ ತೋಟದವರು ನಿಮ್ಮ ಮುಖ ನೋಡುವುದಿಲ್ಲ. ಕಿತ್ತ ದಿನವೇ ನೀರಿನ ತೊಟ್ಟಿಗೆ ಹಾಕಿ, ಮೇಲೊಂದು ಕಲ್ಲು ಹೇರಿ, ಪೂರ್ತಿ ಮುಳುಗಿಸಿ. ವಾರ ಹತ್ತು ದಿನ ಚೆನ್ನಾಗಿರುತ್ತದೆ. ಆಮೇಲೆ ನೀರು ನಾರುತ್ತದೆ, ಆ ನಾತ ಮರಕ್ಕೂ ಹತ್ತುತ್ತದೆ.

ಇನ್ನು ಸೀಳುವ ವಿಷಯ. ಎಲ್ಲರೂ ಸೋತದ್ದು ಇಲ್ಲೇ. ಮಾರ್ಚ್ ಬಿಸಿಲಲ್ಲಿ ಹಸಿ ಕೊರಡಿನಿಂದ ನೇರವಾಗಿ ಪೂರ್ತಿ ಸೌಟು ಮಾಡಿ ಜಗಲಿಯ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಬಟ್ಟಲಿನ ತುದಿಯಲ್ಲಿ ಬಿರುಕು. ಗೋಣಿಯಲ್ಲಿ ಸುತ್ತಿಟ್ಟರೆ ಎರಡು ದಿನ ತಡವಾಗಿ ಅದೇ ಬಿರುಕು. ಮಳೆಗಾಲದಲ್ಲಿ ಸೀಳಲಿಲ್ಲ, ಆದರೆ ಬೂಷ್ಟು ಹಿಡಿದು ಬಿಳಿ ಮರದ ತುಂಬ ನೀಲಿ ಕಲೆ. ತುದಿಗಳಿಗೆ ಮೇಣ ಸವರಿದರೆ ಬಿರುಕು ತುದಿ ಬಿಟ್ಟು ಹಿಡಿಯ ಕುತ್ತಿಗೆಗೆ ಬಂತು. ಕೆತ್ತಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟದ್ದೂ ಆಯಿತು. ಅದು ಮರ ಹಸಿಯಾಗಿ ಉಳಿಯಲು ಒಳ್ಳೆಯ ಉಪಾಯವೇ, ಒಣಗಿಸುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಜೊತೆಗೆ ಫ್ರೀಜರ್ ಯಾರದ್ದು ಅನ್ನುವ ಪ್ರಶ್ನೆಯೂ ಮನೆಯಲ್ಲಿ ಏಳುತ್ತದೆ. ಮೈಕ್ರೋವೇವ್‌ನಲ್ಲಿ ಒಣಗಿಸಿ ಅಂತ ಒಬ್ಬರು ಹೇಳಿದರು. ಹೊರಗೆ ಏನೂ ಕಾಣಲಿಲ್ಲ, ಕತ್ತರಿಸಿ ನೋಡಿದರೆ ಒಳಗೆ ಕರಿ.

ಕೊನೆಗೆ ಕೈ ಹಿಡಿದದ್ದು ಬಚ್ಚಲಿನ ತಾಮ್ರದ ಹಂಡೆ. ಕೊರಡನ್ನು ಕೊಡಲಿಯಿಂದ ನಡುವೆ ಸೀಳಿ, ತಿರುಳನ್ನು ಎರಡೂ ಹೋಳಿನಿಂದ ನಿರ್ದಾಕ್ಷಿಣ್ಯವಾಗಿ ಕೆತ್ತಿ ತೆಗೆಯಬೇಕು. ತಿರುಳಿನ ಗೆರೆ ಹಿಡಿಯಲ್ಲೆಲ್ಲೋ ಉಳಿದರೂ ಸೀಳು ಅಲ್ಲಿಂದಲೇ ಶುರು. ಆಮೇಲೆ ಸೌಟಿನ ಆಕಾರ ಒರಟಾಗಿ ಇಳಿಸಿ, ಬಟ್ಟಲು ತೋಡಿ, ಗೋಡೆ ಕಿರುಬೆರಳಿನ ದಪ್ಪ ಇರುವಾಗಲೇ ನಿಲ್ಲಿಸಿ ಹಂಡೆಗೆ ಹಾಕುವುದು. ಕುದಿ ಬಂದ ಮೇಲೆ ಒಂದೂವರೆ ಗಂಟೆ. ಅಲ್ಲಿಗೆ ಹುಳವೂ ಸತ್ತಿತು. ಬಿಸಿ ಬಿಸಿ ಹೊರಗೆ ತೆಗೆಯಬೇಡಿ, ರಾತ್ರಿಯೆಲ್ಲ ಅದೇ ನೀರಿನಲ್ಲಿ ಆರಲಿ. ಬೆಳಿಗ್ಗೆ ಒರೆಸಿ, ಕೆತ್ತುವಾಗ ಬಿದ್ದ ಅದೇ ಮರದ ಚಕ್ಕೆಯ ಜೊತೆ ಕಾಗದದ ಚೀಲಕ್ಕೆ ಹಾಕಿ ಅಟ್ಟದಲ್ಲಿಡಿ, ಆದರೆ ಒಲೆಯ ನೇರಕ್ಕೆ ಬೇಡ. ಎರಡು ದಿನಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ನನ್ನದು 180 ಗ್ರಾಂ ಇದ್ದದ್ದು 110ರ ಹತ್ತಿರ ಬಂದು ನಿಲ್ಲುತ್ತದೆ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ, ದಿನ ಎಣಿಸುವ ಅಗತ್ಯವಿಲ್ಲ. ಹೀಗೆ ಮಾಡಿದ್ದರಲ್ಲಿ ನೂರಕ್ಕೆ ಐದಾರು ಹೋದರೆ ಹೆಚ್ಚು. ಮೊದಲು ಅರ್ಧಕ್ಕೂ ಮೇಲೆ ಹೋಗುತ್ತಿತ್ತು.

ಹಂಡೆಯ ನೀರಿಗೆ ನಾನು ಒಂದು ಹಿಡಿ ಬೇರೆ ಏನೋ ಹಾಕುತ್ತೇನೆ. ಅಡುಗೆಮನೆಯ ಸಾಮಾನೇ, ಬೆಲೆ ಹತ್ತು ರೂಪಾಯಿಯೂ ಇಲ್ಲ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಬಟ್ಟಲಿನ ಬಾಯಿ ತೊಗಟೆ ಕಡೆಗೆ ಇರಬೇಕೋ ತಿರುಳಿನ ಕಡೆಗೋ ಅನ್ನುವುದನ್ನೂ ಅಷ್ಟೇ, ಎರಡೂ ಥರ ಮಾಡಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಕಬ್ಬಿಣದ ಡ್ರಮ್ಮಿನಲ್ಲಿ ಬೇಯಿಸಬೇಡಿ. ಬೇರೆ ಮರಗಳನ್ನೂ ನೋಡಿದ್ದೇನೆ; ಪೇರಲೆಯನ್ನು (ಸೀಬೆ) ಹಾಗೆ ಬೇಯಿಸಿದರೆ ಬೂದಿ ಬಣ್ಣಕ್ಕೆ ತಿರುಗಿ ಮಣ್ಣಲ್ಲಿ ಹೂತಿಟ್ಟು ತೆಗೆದ ಹಾಗೆ ಕಾಣುತ್ತದೆ. ಪೇರಲೆ ಮರ ಮಾತ್ರ ಬಹಳ ಒಳ್ಳೆಯದು, ತಾಮ್ರದಲ್ಲಿ ಬೇಯಿಸಿದರೆ ಕಾಫಿಯಷ್ಟೇ ನುಣುಪು, ಸ್ವಲ್ಪ ತಿರುಚಿಕೊಳ್ಳುವ ಚಾಳಿ ಒಂದು ಬಿಟ್ಟರೆ. ಸಿಲ್ವರ್ ಓಕ್ ತೋಟದ ತುಂಬ ಇದೆ, ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದಾಗ ಜರಿಯಂಥ ಹೊಳೆಯುವ ಚುಕ್ಕೆ ಕಾಣುತ್ತದೆ, ನೋಡಲು ಅದಕ್ಕಿಂತ ಚಂದದ್ದಿಲ್ಲ. ಆದರೆ ಅದರ ಪುಡಿ ಮೈಗೆ ತಾಗಿ ನನಗೆ ಮೊಣಕೈವರೆಗೆ ತುರಿಕೆ ಎದ್ದು ವಾರ ಕೈ ಕಟ್ಟಿ ಕೂತೆ. ಮರವೂ ಮೆದು. ಹಲಸು ಎಲ್ಲರಿಗೂ ಗೊತ್ತಿರುವ ಮರ, ಹಳದಿ ಬಿಡುತ್ತದೆ. ಸಾಂಬಾರಿಗೆ ನಡೆದೀತು, ಮಜ್ಜಿಗೆಹುಳಿಗೆ ಬೇಡ. ಹೊನ್ನೆಯೂ ನೀರಿಗೆ ಬಣ್ಣ ಬಿಡುವ ಮರವೇ. ಹಾಲುವಾಣ ತೀರಾ ಪೊಳ್ಳು, ಸಮಯ ದಂಡ. ಗೇರು ಮರದ ತಂಟೆಗೇ ಹೋಗಬೇಡಿ, ಸೊನೆ ಸುಡುತ್ತದೆ.

ಹತಾರಕ್ಕೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ, ಬಟ್ಟಲು ತೋಡುವ ಬಾಗಿದ ಚಾಕು ಒಂದಕ್ಕೇ 1,800 ಚಿಲ್ಲರೆ. ಅಲಗು ನೋಡಲು ಮಿರಿಮಿರಿ, ಒಣ ಕಾಫಿಯ ಮೇಲೆ ನಾಲ್ಕು ಸಲ ಎಳೆಯುವಷ್ಟರಲ್ಲಿ ಬಾಯಿ ಮಡಿಸಿಕೊಂಡಿತು. ಹೊರದೇಶದ್ದು ತರಿಸಿದರೆ ಎರಡೂವರೆ ಮೂರು ಸಾವಿರ, ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ರಬ್ಬರ್ ಟ್ಯಾಪಿಂಗ್ ಚಾಕುವಿಗೆ ಸಾಣೆ ಹಿಡಿದು ನೋಡಿದೆ. ಬಾಗು ತೀರಾ ಮೊನಚು, ಬಟ್ಟಲಿನಲ್ಲಿ ಚರಂಡಿ ಮಾಡುತ್ತದೆ. ಕಡೆಗೆ ಕುಲುಮೆಗೆ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿ ಒಯ್ದು ಕೊಟ್ಟೆ. ಕಮ್ಮಾರ ಮೊದಲು ಮಾಡಿದ್ದು ಕುಡುಗೋಲಿನ ಮರಿಯ ಹಾಗಿತ್ತು. ತೆಂಗಿನ ಕರಟವೊಂದನ್ನು ಮುಂದಿಟ್ಟು "ಇದರ ಒಳಮೈಗೆ ಕೂರುವ ಹಾಗೆ ಬಗ್ಗಿಸಿ ಕೊಡಿ" ಅಂದೆ. ಆಗ ಬಂತು ಸರಿಯಾದ್ದು. ಮಜೂರಿ 350 ರೂಪಾಯಿ, ಒಂದು ಕಾಫಿ. ಹದ ಹಾಕುವಾಗ ನೀರಿನ ಬದಲು ಎಣ್ಣೆಗೆ ಅದ್ದಿಸಿ. ನೀರಿಗೆ ಅದ್ದಿದ್ದೊಂದು ಕೈಯಿಂದ ಬಿದ್ದು ಎರಡು ತುಂಡಾಯಿತು. ಸಾಣೆಗೆ ಹಳೆ ಬೆಲ್ಟಿನ ಚರ್ಮ, ಅದಕ್ಕೆ ಉಜ್ಜಲು ಲೋಹ ಹೊಳಪಿಸುವ ಹಸಿರು ಪಾಲಿಶ್ ಗಟ್ಟಿ. ಒಣ ಕಾಫಿಗೆ ಹತ್ತು ನಿಮಿಷಕ್ಕೊಮ್ಮೆ ಚರ್ಮಕ್ಕೆ ಎಳೆಯಲೇಬೇಕು. ಹರಿತವಾಗಿದ್ದರೆ ಚಾಕುವಿನ ಬಾಯಿಯಿಂದಲೇ ಮರ ಹೊಳೆಯುತ್ತದೆ, ಪಾಲಿಶ್ ಪೇಪರ್ ಬೇಕಿಲ್ಲ. ಪೇಪರ್ ಉಜ್ಜಿದ್ದು ಮೊದಲ ಸಲ ಸಾರಿಗೆ ಬಿದ್ದಾಗಲೇ ರೋಮದಂತೆ ನಾರು ಎಬ್ಬಿಸಿಕೊಳ್ಳುತ್ತದೆ.

ಎಣ್ಣೆಯ ವಿಚಾರ ಚಿಕ್ಕದು. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಬರಬರುತ್ತಾ ಕಮಟು. ಹಾರ್ಡ್‌ವೇರ್ ಅಂಗಡಿಯ ಲಿನ್‌ಸೀಡ್ ಬಾಗಿಲಿಗೆ ಸರಿ, ಬೇಗ ಒಣಗಲೆಂದು ಅದಕ್ಕೆ ಬೆರೆಸುವ ಲೋಹದ ಮದ್ದು ಊಟದ ಸಾಮಾನಿಗೆ ಬೇಡ. ಗಾಣದ ಅಗಸೆ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಬಿಸಿಲಿಗೆ ಒಂದು ವಾರ. ಹುಬ್ಬಳ್ಳಿಯ ನೆಂಟರು ಗುರೆಳ್ಳು ಎಣ್ಣೆ ಕಳಿಸಿದ್ದರು, ಅದನ್ನೂ ಹಚ್ಚಿ ನೋಡಿದೆ. ಒಣಗುವುದು ನಿಧಾನ, ಆದರೆ ಕಾಫಿ ಮರಕ್ಕೆ ಜೇನಿನ ಬಣ್ಣ ಬರುತ್ತದೆ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಕರಗಿಸಿ ಕೊನೆಯ ಕೈ.

ಮಾರಾಟ ಅಂದರೆ ಎಲ್ಲರೂ ಕಿವಿ ನಿಮಿರಿಸುತ್ತಾರೆ. ಮಷಿನ್ನಿನ ಬೇವಿನ ಸೌಟು 60-70 ರೂಪಾಯಿಗೆ ಸಿಗುವಾಗ ನನ್ನದಕ್ಕೆ 400 ಯಾಕೆ ಕೊಡಬೇಕು? ಸಂತೆಯಲ್ಲಿ ಯಾರೂ ಕೊಡಲಿಲ್ಲ. ಬೆಂಗಳೂರಿನ ಅಂಗಡಿಯೊಂದು 850ಕ್ಕೆ ಮಾರಿ, ನೂರಕ್ಕೆ 40 ಕಮಿಷನ್ ಹಿಡಿದು, ಉಳಿದದ್ದನ್ನು ಐದು ತಿಂಗಳು ಎಳೆದಾಡಿಸಿ ಕೊಟ್ಟಿತು. ನಡೆದದ್ದು ಹೋಂಸ್ಟೇಗಳಲ್ಲಿ. ಬೆಳಿಗ್ಗೆ ಕಾಫಿ ಕುಡಿದವರಿಗೆ, ಅದೇ ಗಿಡದ ಸೌಟು ಅಂದರೆ ಚೌಕಾಸಿಯೇ ಇಲ್ಲ. ದೊಡ್ಡ ಸೌಟು 450, ಉಪ್ಪಿನಕಾಯಿ ಚಮಚ 180. ಭರಣಿಗೆ ಸ್ಟೀಲು ಹಾಕದ ಅಜ್ಜಿಯರು ಇನ್ನೂ ಇದ್ದಾರೆ, ಅವರ ದೆಸೆಯಿಂದ ಚಮಚವೇ ಹೆಚ್ಚು ಹೋಗುವುದು. ಮೊದಲು ಒಂದು ಸೌಟಿಗೆ ಅರ್ಧ ದಿನ ಬೇಕಿತ್ತು, ಈಗ ಬೇಯಿಸುವುದು ಒಣಗಿಸುವುದು ಬಿಟ್ಟರೆ ಎರಡು ಗಂಟೆಯೊಳಗೆ. ಕಳೆದ ಚಳಿಗಾಲದಲ್ಲಿ ಹತ್ತಿರ ಹತ್ತಿರ 28,000 ಬಂತು. ಹತಾರದ ಖರ್ಚು ಕಳೆದು 20,000 ಕೈಯಲ್ಲಿ ಉಳಿದಿರಬೇಕು. ಮೆಣಸು ಮಾರಿದ ದುಡ್ಡಿನ ಮುಂದೆ ಇದು ಏನೂ ಅಲ್ಲ, ಆದರೆ ಸುಡುವ ಸೌದೆಯಿಂದ ಬಂದದ್ದು.

ಈಗ ಕಾಫಿಯ ಇನ್ನೊಂದು ಜಾತಿ ರೊಬಸ್ಟಾ ಹಿಡಿದಿದ್ದೇನೆ. ಪಕ್ಕದವರು ಹಳೇ ಗಿಡ ಬುಡಕ್ಕೆ ಕಡಿಸುತ್ತಿದ್ದಾರೆ, ಐದಾರು ಇಂಚಿನ ದಪ್ಪ ಬೊಡ್ಡೆಗಳು. ಅನ್ನದ ಹುಟ್ಟು, ಮುದ್ದೆ ಕೋಲು ಎರಡೂ ಬರುವಷ್ಟು ಮರ. ನಮ್ಮ ಹಂಡೆಗೆ ಕೋಲು ಹಿಡಿಸುವುದಿಲ್ಲ, ಗುಜರಿಯವನು ದೊಡ್ಡ ತಾಮ್ರದ ಹಂಡೆಗೆ ಕಿಲೋಗೆ 700ರ ಮೇಲೆ ಹೇಳುತ್ತಾನೆ. ಮದುವೆ ಮನೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದವರು ಯಾರಾದರೂ ಇದ್ದರೆ, ಬಣ್ಣ ತಿರುಗುತ್ತದೋ ಇಲ್ಲವೋ ತಿಳಿಸಿ. ಹಂಡೆಯ ನೀರಿಗೆ ಏನು ಹಾಕುತ್ತೇನೆ ಅನ್ನುವುದನ್ನು ಅಂಥವರಿಗೆ ಬೇಕಾದರೆ ಹೇಳೋಣ.