ದುಬೈ ಶಾಲೆಗೆ ಅರ್ಜಿ ಹಾಕುವ ಮೊದಲು

ನಾನು ದುಬೈನಲ್ಲಿ ಗಣಿತ ಕಲಿಸುತ್ತೇನೆ. ಊರಿನ ಶಿಕ್ಷಕ ಗೆಳತಿಯರು ಕೇಳಿದಾಗ ಮೊದಲು ಹೇಳುವುದು ಇದು: ಹೆಸರು ನೋಡಿಕೊಳ್ಳಿ. ನಮ್ಮ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಬರೆದಿರುತ್ತಾರೆ. ಎರಡೂ ಒಬ್ಬರದೇ ಹೆಸರು ಅಂತ ಅಫಿಡವಿಟ್ ಮಾಡಿಸಿಡಿ. ಇದನ್ನು ಬಿಟ್ಟು ಪರದಾಡಿದವರನ್ನು ಜಾಸ್ತಿ ನೋಡಿದ್ದೇನೆ.

ಆಮೇಲೆ ಪದವಿ, ಬಿ.ಎಡ್. ಪ್ರಮಾಣಪತ್ರಗಳ ದೃಢೀಕರಣ. ಮೊದಲು ರಾಜ್ಯದ್ದು, ನಂತರ ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಮೂಲಪ್ರತಿಗೇ ಮುದ್ರೆ ಬೀಳಬೇಕು, ಲ್ಯಾಮಿನೇಷನ್ ಮಾಡಿಸಬೇಡಿ.

ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ, ಬ್ರಿಟಿಷ್ ಶಾಲೆಗಳು ಆಗಸ್ಟ್ ಕೊನೆಯಲ್ಲಿ ಶುರುವಾಗುತ್ತವೆ. ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ನೇಮಕಕ್ಕೆ ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ ಒಪ್ಪಿಗೆ ಬೇಕು, ಅದನ್ನು ಶಾಲೆಯೇ ಪಡೆಯುತ್ತದೆ. ವೀಸಾ ಖರ್ಚೂ ಶಾಲೆಯದೇ. ಏಜೆಂಟ್ ಹಣ ಕೇಳಿದರೆ ಸುಮ್ನೆ ಎದ್ದು ಬನ್ನಿ.