ಬಾಡಿಗೆ ಮೋಡೆಮ್ ವಾಪಸ್ ಕೊಟ್ಟ ಕಥೆ

ಇಂಟರ್ನೆಟ್ ಬಿಲ್ಲನ್ನು ನಾನು ಯಾವತ್ತೂ ಪೂರ್ತಿ ಓದಿದವಳಲ್ಲ. ಆಟೋ ಪೇ ಇದೆ, ದುಡ್ಡು ತಾನಾಗೇ ಹೋಗುತ್ತೆ, ಅಷ್ಟೇ. ಒಂದು ದಿನ ಬೇರೆ ಏನೋ ಹುಡುಕುವಾಗ ಬಿಲ್ಲಿನ ಪಿಡಿಎಫ್ ತೆಗೆದೆ. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಎಕ್ವಿಪ್‌ಮೆಂಟ್ ರೆಂಟಲ್, 14 ಡಾಲರ್. ಟಿವಿ ಪಕ್ಕದ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುವ ಕರಿ ಡಬ್ಬದ ಬಾಡಿಗೆ ಅದು. ಈ ಮನೆಗೆ ಬಂದು ಆಗಲೇ 38 ತಿಂಗಳಾಗಿತ್ತು. ಗುಣಿಸಿದೆ. 532 ಡಾಲರ್.

"ಬಿಡೇ, ತಿಂಗಳಿಗೆ ಹದಿನಾಲ್ಕು ಡಾಲರ್ ತಾನೇ" ಅಂದರು ನಮ್ಮನೆಯವರು.

"ರೀ, ಇಷ್ಟು ಕಟ್ಟಿದ ಮೇಲೂ ಅದು ನಮ್ಮದಲ್ಲ, ನಾಳೆ ಮನೆ ಬಿಟ್ಟರೆ ವಾಪಸ್ ಕೊಡಬೇಕು" ಅಂದೆ. ಅವರು ಸುಮ್ಮನಾದರು. ಅಂದರೆ ಕೆಲಸ ನನ್ನ ತಲೆಗೆ ಬಂತು ಅಂತ ಅರ್ಥ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕಾಯಿತು. ಆ ಡಬ್ಬವನ್ನು ನಾವು ಒಮ್ಮೆ ಮೋಡೆಮ್ ಅನ್ನುತ್ತಿದ್ದೆವು, ಇನ್ನೊಮ್ಮೆ ರೂಟರ್, ಸಿಟ್ಟು ಬಂದಾಗ ಬರೀ "ಈ ವೈಫೈ". ನಿಜವಾಗಿ ಅದರೊಳಗೆ ಎರಡು ಸಾಮಾನು ಇವೆ. ಗೋಡೆಯಿಂದ ಬರುವ ಕೋಆಕ್ಸ್ ಕೇಬಲಿನ ಸಿಗ್ನಲ್ ಹಿಡಿದು ಇಂಟರ್ನೆಟ್ ಮಾಡಿ ಕೊಡುವುದು ಮೋಡೆಮ್. ಅದನ್ನು ಮನೆಯ ಫೋನು, ಲ್ಯಾಪ್‌ಟಾಪ್, ಟಿವಿಗಳಿಗೆಲ್ಲ ಹಂಚುವುದು ರೂಟರ್. ಎರಡೂ ಒಂದೇ ಡಬ್ಬದಲ್ಲಿದ್ದರೆ ಗೇಟ್‌ವೇ ಅನ್ನುತ್ತಾರೆ. ಬಾಡಿಗೆ ಡಬ್ಬ ವಾಪಸ್ ಕೊಟ್ಟರೆ ಎರಡೂ ಹೋಗುತ್ತವೆ. ಬರೀ ಮೋಡೆಮ್ ತಂದಿಟ್ಟು ವೈಫೈ ಎಲ್ಲಿ ಅಂತ ಹುಡುಕುವವರ ಸಾಲಿಗೆ ನಾನೂ ಸೇರಬೇಕಿತ್ತು, ಕೊನೇ ಗಳಿಗೆಯಲ್ಲಿ ಉಳಿದುಕೊಂಡೆ. ಎರಡನ್ನೂ ಬೇರೆ ಬೇರೆಯಾಗಿ ತೆಗೆದುಕೊಂಡೆ. ವೈಫೈ ಬೇಗ ಹಳೆಯದಾಗುತ್ತದೆ, ಮೋಡೆಮ್ ಅಷ್ಟು ಬೇಗ ಆಗುವುದಿಲ್ಲ. ನಾಳೆ ಫೈಬರ್‌ಗೆ ಬದಲಾಯಿಸಿದರೂ ರೂಟರ್ ಕೈಯಲ್ಲಿ ಉಳಿಯುತ್ತದೆ. ಅಂದಹಾಗೆ ಈಗಾಗಲೇ ಫೈಬರ್ ಇರುವವರಿಗೆ ಈ ಕಥೆ ಬೇಡ, ಅಲ್ಲಿ ಕೇಬಲ್ ಮೋಡೆಮ್ ಕೆಲಸಕ್ಕೇ ಬರುವುದಿಲ್ಲ.

ಸ್ವಂತ ಮೋಡೆಮ್ ಇಟ್ಟರೆ ಕಂಪನಿ ಬೇರೆ ಏನಾದರೂ ಶುಲ್ಕ ಹಾಕುತ್ತದಾ ಅಂತ ಒಂದು ಅನುಮಾನ ಇತ್ತು. ಅಮೆರಿಕದಲ್ಲಿ ಹಾಗೆ ಮಾಡುವಂತಿಲ್ಲ. 2019ರ ಡಿಸೆಂಬರ್‌ನಲ್ಲಿ ಸಹಿ ಬಿದ್ದ ಟೆಲಿವಿಷನ್ ವ್ಯೂವರ್ ಪ್ರೊಟೆಕ್ಷನ್ ಆ್ಯಕ್ಟ್‌ನಲ್ಲಿ ಇದೂ ಸೇರಿದೆ. ಗಿರಾಕಿಯೇ ತಂದಿಟ್ಟ ಸಾಮಾನಿಗೆ ಕಂಪನಿ ಬಾಡಿಗೆ ಹಾಕಬಾರದು. ಈ ನಿಯಮ 2020ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಹೆಸರು ಟೆಲಿವಿಷನ್ ಅಂತಿದ್ದರೂ ಇಂಟರ್ನೆಟ್ ಡಬ್ಬಕ್ಕೂ ಅನ್ವಯಿಸುತ್ತದೆ. ಈ ಹೆಸರು ಆಮೇಲೆ ನನ್ನ ಕೆಲಸಕ್ಕೆ ಬಂತು.

ಇನ್ನು ಯಾವ ಮೋಡೆಮ್? ಅಂಗಡಿಯ ಡಬ್ಬಗಳ ಮೇಲೆ ಬರೆದಿರುವ ವೇಗ ನೋಡಿ ಕೊಳ್ಳಬೇಡಿ. ಮೊದಲು ನಿಮ್ಮ ಕೇಬಲ್ ಕಂಪನಿ ಒಪ್ಪಿರುವ ಮೋಡೆಮ್‌ಗಳ ಪಟ್ಟಿ ನೋಡಿ. ಪಟ್ಟಿಯಲ್ಲಿ ಇಲ್ಲದ್ದನ್ನು ಅವರು ಆನ್ ಮಾಡಿಕೊಡದೇ ಇರಬಹುದು. ಅದೇ ಪಟ್ಟಿಯಲ್ಲಿ ನಿಮ್ಮ ಪ್ಲಾನಿನ ವೇಗಕ್ಕೆ ಯಾವುದು ಅಂತಲೂ ಇರುತ್ತದೆ.

ಆಮೇಲೆ ಡಾಕ್ಸಿಸ್. ಕೇಬಲ್ ತಂತಿಯಲ್ಲಿ ಇಂಟರ್ನೆಟ್ ಹೇಗೆ ಓಡಬೇಕು ಅನ್ನುವ ನಿಯಮದ ಹೆಸರು ಅದು. 3.0 ಬಂದದ್ದು 2006ರಲ್ಲಿ, 3.1 ಬಂದದ್ದು 2013ರಲ್ಲಿ. 3.0ರಲ್ಲಿ ಒಂದೊಂದು ಚಾನೆಲ್, ಅಂದರೆ ತಂತಿಯೊಳಗಿನ ಒಂದೊಂದು ದಾರಿ, ಸುಮಾರು 38 ಎಂಬಿಪಿಎಸ್ ಹೊರುತ್ತದೆ, ಅಂಥವನ್ನು ಒಟ್ಟಿಗೆ ಕಟ್ಟಿ ವೇಗ ತರುತ್ತಾರೆ. ಡಬ್ಬದ ಮೇಲೆ 24x8 ಅಂತಿದ್ದರೆ ಇಳಿಯಲು (ಡೌನ್‌ಲೋಡ್) 24 ಚಾನೆಲ್, ಏರಲು (ಅಪ್‌ಲೋಡ್) 8 ಅಂತ. ನಮ್ಮದು 500 ಎಂಬಿಪಿಎಸ್ ಪ್ಲಾನ್, ಲೆಕ್ಕದ ಪ್ರಕಾರ 24x8 ಸಾಕು. ಆದರೆ ಆ ಚಾನೆಲ್‌ಗಳನ್ನು ಇಡೀ ಬೀದಿಯೇ ಹಂಚಿಕೊಳ್ಳುತ್ತದೆ, ಸಂಜೆ ಎಲ್ಲರೂ ವಿಡಿಯೋ ಹಾಕಿದಾಗ ಗೊತ್ತಾಗುತ್ತದೆ. 3.1 ಮೋಡೆಮ್ ಹಳೇ ಚಾನೆಲ್‌ಗಳ ಜೊತೆಗೆ ಹೊಸ ಅಗಲವಾದ ಚಾನೆಲ್ಲನ್ನೂ ಬಳಸುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿ ಕೊಟ್ಟು 3.1 ತೆಗೆದುಕೊಂಡೆ.

ಇದರಲ್ಲಿ ನಾನು ಗಮನಿಸದೇ ಹೋಗಿದ್ದರೆ ಬೇಜಾರಾಗುತ್ತಿದ್ದ ವಿಷಯ ಅಪ್‌ಲೋಡ್. ಹಳೇ ಲೈನುಗಳಲ್ಲಿ ಮೇಲಕ್ಕೆ ಹೋಗುವ ಸಿಗ್ನಲ್‌ಗೆ 5ರಿಂದ 42 ಮೆಗಾಹರ್ಟ್ಸ್ ತನಕ ಮಾತ್ರ ಜಾಗ. ಈಗ ಅದನ್ನು 85ರ ತನಕ, ಕೆಲವು ಕಡೆ ಇನ್ನೂ ಮೇಲಕ್ಕೆ ಹಿಗ್ಗಿಸುತ್ತಿದ್ದಾರೆ. ನಿಮ್ಮ ಬೀದಿಯಲ್ಲಿ ಆ ಕೆಲಸ ಆಗಿದ್ದರೂ ಮೋಡೆಮ್‌ಗೆ ಆ ಶಕ್ತಿ ಇಲ್ಲದಿದ್ದರೆ ಹಳೇ ಅಪ್‌ಲೋಡೇ ಗತಿ. ದಿನವಿಡೀ ವಿಡಿಯೋ ಮೀಟಿಂಗ್ ಇರುವವರು ಇದನ್ನು ಕಂಪನಿಯನ್ನೇ ಕೇಳಿ ತಿಳಿದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಮೋಡೆಮ್ ಅಗ್ಗಕ್ಕೆ ಸಿಗುತ್ತದೆ. ನಾನು ಅದರ ಹತ್ತಿರ ಹೋಗಲಿಲ್ಲ. ಹಿಂದಿನವರು ತಮ್ಮ ಖಾತೆಯಿಂದ ಬಿಡಿಸದೇ ಮಾರಿದ್ದರೆ ಅಥವಾ ಅದು ಯಾರೋ ವಾಪಸ್ ಕೊಡದ ಬಾಡಿಗೆ ಡಬ್ಬವೇ ಆಗಿದ್ದರೆ ಅದನ್ನು ನಮ್ಮ ಹೆಸರಿಗೆ ಹಾಕಿಕೊಡುವುದಿಲ್ಲ. ಹಳೇ ಪೀಸ್‌ಗಳಲ್ಲಿ ಪ್ಯೂಮಾ 6 ಚಿಪ್ ಇರುವವೂ ಓಡಾಡುತ್ತಿವೆ. ಆ ಚಿಪ್‌ನಲ್ಲಿ ಪಿಂಗ್, ಅಂದರೆ ಉತ್ತರ ಬರಲು ಹಿಡಿಯುವ ಸಮಯ, ಇದ್ದಕ್ಕಿದ್ದಂತೆ ಏರುವ ದೋಷ 2016ರಲ್ಲೇ ಬಯಲಾಗಿತ್ತು, ಗೇಮ್ ಆಡುವವರಿಗೆ ಅದು ನರಕ. ಮನೆಗೆ ಲ್ಯಾಂಡ್‌ಲೈನ್ ಫೋನನ್ನೂ ಅದೇ ಕಂಪನಿ ಕೊಟ್ಟಿದ್ದರೆ ಫೋನ್ ಜ್ಯಾಕ್ ಇರುವ ಮೋಡೆಮೇ ಬೇಕು. ಬಾಡಿಗೆ ಡಬ್ಬ ಇಟ್ಟುಕೊಂಡರೆ ಮಾತ್ರ ಅನ್‌ಲಿಮಿಟೆಡ್ ಡೇಟಾ ಅನ್ನುವ ಪ್ಲಾನುಗಳೂ ಇವೆ, ಅಲ್ಲಿ ಲೆಕ್ಕವೇ ಉಲ್ಟಾ ಆಗಬಹುದು. ನಮ್ಮ ಪ್ಲಾನಿನಲ್ಲಿ ಎರಡೂ ರಗಳೆ ಇರಲಿಲ್ಲ.

ಮೋಡೆಮ್ 165, ರೂಟರ್ 85, ಒಟ್ಟು 250 ಡಾಲರ್. 18 ತಿಂಗಳಿಗೆ ಅಸಲು ವಾಪಸ್.

ಜೋಡಿಸುವ ದಿನ ಶನಿವಾರ ಬೆಳಿಗ್ಗೆ ಕೂತೆ. ಹಳೇ ಡಬ್ಬ ತೆಗೆಯುವ ಮುಂಚೆ ಹೊಸ ಮೋಡೆಮ್ ತಳದ ಸ್ಟಿಕ್ಕರಿನ ಫೋಟೋ ತೆಗೆದುಕೊಂಡೆ. ಮ್ಯಾಕ್ ಅಡ್ರೆಸ್ ಅಂತ 12 ಅಕ್ಷರ ಇರುತ್ತದಲ್ಲ, ಕಂಪನಿಯ ಸಿಸ್ಟಮ್ ನಮ್ಮ ಮೋಡೆಮನ್ನು ಗುರುತಿಸುವುದು ಅದರಿಂದಲೇ. ಕೋಆಕ್ಸ್ ತಿರುಪನ್ನು ಕೈಯಲ್ಲೇ ಬಿಗಿ ಮಾಡಿ ಪ್ಲಗ್ ಹಾಕಿದೆ. ದೀಪ ಮಿನುಗಿತು, ನಿಂತಿತು, ಮತ್ತೆ ಮಿನುಗಿತು, ಕೊನೆಗೆ ಗಟ್ಟಿಯಾಗಿ ಉರಿಯಿತು. ಬ್ರೌಸರ್ ತೆಗೆದರೆ ಎಲ್ಲಿ ಹೋದರೂ ಕಂಪನಿಯ ಆ್ಯಕ್ಟಿವೇಶನ್ ಪುಟವೇ. ಆ ಪುಟ ಎರಡು ಸಲ ಕೈಕೊಟ್ಟಿತು, ಫೋನ್ ಮಾಡಿದೆ. ಆ ಕಡೆಯವನಿಗೆ ಮ್ಯಾಕ್ ಅಡ್ರೆಸ್ ಓದಿ ಹೇಳಿದೆ. ನಾನು "ಡಿ" ಅಂದದ್ದು ಅವನಿಗೆ "ಬಿ" ಕೇಳಿಸಿತು. ಅವನ ಕಡೆ ಎಲ್ಲಾ ಸರಿ, ನನ್ನ ಕಡೆ ಅದೇ ಪುಟ. ಹೀಗೇ 20 ನಿಮಿಷ. ಕೊನೆಗೆ "ನೀವು ಬರೆದುಕೊಂಡದ್ದನ್ನು ಓದಿ ಹೇಳಿ" ಅಂದಾಗ ಸಿಕ್ಕಿಬಿತ್ತು. ಅದನ್ನು ತಿದ್ದಿ, ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ, ಬಂತು. ನಮ್ಮ ಪ್ಲಾನಿನ ವೇಗ ಎಷ್ಟು ಅನ್ನುವುದು ಕಂಪನಿ ಕಳಿಸುವ ಒಂದು ಫೈಲಿನಲ್ಲಿರುತ್ತದೆ, ಮೋಡೆಮ್ ಏಳುವಾಗಲೆಲ್ಲ ಅದನ್ನು ಇಳಿಸಿಕೊಳ್ಳುತ್ತದೆ, ಅದಕ್ಕೇ ಆ ಆಫ್-ಆನ್. ಹೊಸ ರೂಟರಿಗೆ ಹಳೇ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಹಾಗೇ ಇಟ್ಟೆ. ಮನೆಯ ಹದಿನಾರು ಸಾಮಾನೂ ತಾವಾಗೇ ಸೇರಿಕೊಂಡವು. ನಮ್ಮನೆಯವರಿಗೆ ಬದಲಾಗಿದ್ದೇ ಗೊತ್ತಾಗಲಿಲ್ಲ.

ನಾಲ್ಕನೇ ದಿನ ಸಂಜೆ ಗೊತ್ತಾಯಿತು. ಅವರ ಮೀಟಿಂಗ್ ನಡುವೆ ಇಂಟರ್ನೆಟ್ ಹೋಯಿತು. ಎರಡು ನಿಮಿಷಕ್ಕೆ ಬಂತು, ಮತ್ತೆ ಹೋಯಿತು. "ಉಳಿಸೋಕೆ ಹೋಗಿ ಇದ್ದದ್ದನ್ನೂ ಕೆಡಿಸಿದೆ ಅಲ್ವಾ" ಅಂದರು. ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಮೋಡೆಮ್ ಸಮಸ್ಯೆ ಮೇಡಂ, ನಮ್ಮದಲ್ಲ" ಅಂದರು. ಸ್ವಂತದ್ದು ಇಟ್ಟುಕೊಂಡವರಿಗೆಲ್ಲ ಸಿಗುವ ಉತ್ತರ ಇದು, ಮೊದಲೇ ತಯಾರಾಗಿರಿ.

ನಿಜ ಹೇಳಬೇಕೆಂದರೆ ಹಳೇ ಡಬ್ಬ ಇದ್ದಾಗಲೂ ಸಂಜೆ ಹೀಗೆ ಆಗುತ್ತಿತ್ತು. ಆಗ ನಾವು ವೈಫೈಯನ್ನು ಬೈದುಕೊಂಡು ರೀಸ್ಟಾರ್ಟ್ ಮಾಡುತ್ತಿದ್ದೆವು, ಈಗ ಬೈಯಲು ನಾನು ಸಿಕ್ಕಿದ್ದೆ. ಲ್ಯಾಪ್‌ಟಾಪಿನಲ್ಲಿ 192.168.100.1 ಅಂತ ಟೈಪ್ ಮಾಡಿದೆ. ಹೆಚ್ಚಿನ ಕೇಬಲ್ ಮೋಡೆಮ್‌ಗಳ ಒಳಗಿನ ಪುಟ ಅಲ್ಲೇ ತೆರೆದುಕೊಳ್ಳುತ್ತದೆ. ಬಂದ ಸಿಗ್ನಲ್ ಎಷ್ಟು, ಮೇಲಕ್ಕೆ ಕಳಿಸಲು ಮೋಡೆಮ್ ಎಷ್ಟು ಕೂಗಬೇಕಾಗಿದೆ, ಎಲ್ಲಾ ಅಂಕಿ ಅಲ್ಲಿದೆ. ಇಳಿಯುವ ಸಿಗ್ನಲ್ ಸೊನ್ನೆಯ ಆಸುಪಾಸು, ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ಒಳಗಿದ್ದರೆ ಚೆನ್ನ. ನಮ್ಮದು ಮೈನಸ್ 9. ಏರುವ ಕಡೆ 51. ಅದು ಮೋಡೆಮ್‌ನ ಗಂಟಲಿನ ಕೊನೆ, ಅದಕ್ಕಿಂತ ಜೋರಾಗಿ ಕೂಗಲು ಆಗುವುದಿಲ್ಲ. ಕೆಳಗೆ ಲಾಗ್‌ನಲ್ಲಿ ಟಿ3 ಟೈಮ್‌ಔಟ್ ಅಂತ ಸಾಲು ಸಾಲು. ಅಂದರೆ ಮೋಡೆಮ್ ಕರೆದಿದೆ, ಆ ಕಡೆಯಿಂದ ಉತ್ತರ ಬಂದಿಲ್ಲ.

ಟಾರ್ಚ್ ಹಿಡಿದು ಟಿವಿ ಹಿಂದೆ ತೂರಿದೆ. ಗೋಡೆಯಿಂದ ಬಂದ ತಂತಿ ಹಿತ್ತಾಳೆ ಬಣ್ಣದ ಒಂದು ಸ್ಪ್ಲಿಟರ್‌ಗೆ ಹೋಗುತ್ತಿತ್ತು, ಒಂದು ಬಾಯಿಂದ ಮೂರು. ಹಿಂದೆ ಇದ್ದವರು ಕೇಬಲ್ ಟಿವಿಗೆ ಹಾಕಿಸಿದ್ದಿರಬೇಕು. ನಾವು ಕೇಬಲ್ ಟಿವಿ ಹಾಕಿಸಿಯೇ ಇಲ್ಲ, ಎರಡು ಬಾಯಿ ಖಾಲಿ. ಸ್ಪ್ಲಿಟರ್ ಮೇಲೇ ಅಚ್ಚು ಒತ್ತಿದ್ದರು: ಒಂದು ಬಾಯಿಗೆ 3.5 ಡಿಬಿ ನಷ್ಟ, ಉಳಿದೆರಡಕ್ಕೆ 7. ನಮ್ಮ ಮೋಡೆಮ್ ಇದ್ದದ್ದು 7ರ ಬಾಯಲ್ಲಿ. ಸ್ಪ್ಲಿಟರ್ ಕಿತ್ತು, 1 ಡಾಲರ್ ಚಿಲ್ಲರೆಯ ಜೋಡಿಸುವ ತುಂಡು ಹಾಕಿ ತಂತಿಗೆ ತಂತಿ ನೇರ ಸೇರಿಸಿದೆ. ಪುಟ ರಿಫ್ರೆಶ್ ಮಾಡಿದರೆ ಇಳಿಯುವುದು ಮೈನಸ್ 2, ಏರುವುದು 44. ಆಮೇಲೆ ಸಂಜೆ ಇಂಟರ್ನೆಟ್ ಹೋಗಿಲ್ಲ. ಮೂರು ವರ್ಷ ರೀಸ್ಟಾರ್ಟ್ ಮಾಡಿದ್ದೆಲ್ಲ ಈ ಬೊಗಸೆಯಷ್ಟೂ ಇಲ್ಲದ ತಗಡಿನ ದೆಸೆಯಿಂದ.

ಬಾಡಿಗೆ ಡಬ್ಬ ವಾಪಸ್ ಕೊಡುವಾಗ ಅಡಾಪ್ಟರನ್ನೂ ಸೇರಿಸಿ ಕೊಟ್ಟೆ, ಸೀರಿಯಲ್ ನಂಬರ್ ಇರುವ ರಸೀದಿ ಕೇಳಿ ಪಡೆದೆ, ಅಲ್ಲೇ ನಿಂತು ಫೋಟೋ ತೆಗೆದೆ. ಮುಂದಿನ ಬಿಲ್ಲಿನಲ್ಲೂ 14 ಡಾಲರ್ ಇತ್ತು. ಚಾಟ್‌ನಲ್ಲಿ ಕೇಳಿದರೆ ಮುಂದಿನ ತಿಂಗಳು ಹೋಗುತ್ತದೆ ಅಂದರು. ಮುಂದಿನ ತಿಂಗಳೂ ಇತ್ತು, ಡಬ್ಬ ಬಂದ ದಾಖಲೆಯೇ ಇಲ್ಲ ಅಂದರು. ರಸೀದಿಯ ಫೋಟೋ ಕಳಿಸಿದೆ, ಮೇಲೆ ಹೇಳಿದ ಕಾನೂನಿನ ಹೆಸರು ಬರೆದೆ, ಫೋನ್-ಇಂಟರ್ನೆಟ್ ಕಂಪನಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಗೆ ದೂರು ಹಾಕುತ್ತೇನೆ ಅಂತಲೂ ಬರೆದೆ. ಅಲ್ಲಿ ದೂರು ಹಾಕಲು ದುಡ್ಡಿಲ್ಲ, ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು. ಹಾಕುವ ಪ್ರಮೇಯ ಬರಲಿಲ್ಲ. ಅರ್ಧ ಗಂಟೆಯಲ್ಲಿ 28 ಡಾಲರ್ ಖಾತೆಗೆ ಜಮಾ ಆಯಿತು.

ಮೋಡೆಮ್ ಕೆಟ್ಟರೆ ಇನ್ನು ಮೇಲೆ ನಮ್ಮ ತಲೆನೋವು, ವಾರಂಟಿ ಎರಡು ವರ್ಷ ಇದೆ. ಅದರ ಫರ್ಮ್‌ವೇರ್, ಅಂದರೆ ಒಳಗೆ ಓಡುವ ಸಾಫ್ಟ್‌ವೇರ್, ಮಾತ್ರ ಈಗಲೂ ಕಂಪನಿಯೇ ಕಳಿಸುತ್ತದೆ, ನಾವು ಹಾಕಿಕೊಳ್ಳಲು ಬರುವುದಿಲ್ಲ. ರೂಟರಿನದನ್ನು ನಾವೇ ನೋಡಿಕೊಳ್ಳಬೇಕು.

ಈಗ ಬಿಲ್ ಬಂದ ಕೂಡಲೇ ಎರಡನೇ ಪುಟಕ್ಕೇ ಹೋಗುತ್ತೇನೆ. ಬಾಡಿಗೆ ಸಾಲು ಇಲ್ಲ. ಹೋದ ತಿಂಗಳು ಪ್ಲಾನಿನ ದರವೇ 3 ಡಾಲರ್ ಏರಿದೆ. ಸೋಮವಾರ ಫೋನ್ ಮಾಡಬೇಕು.