ದ್ವೀಪದಿಂದ ದ್ವೀಪಕ್ಕೆ ವಿಮಾನ: ದೂರ, ಸಮಯ ಲೆಕ್ಕ ಹಾಕುವುದು ಹೇಗೆ?

ಮೊದಲು ನೀವು ಹೋಗಬೇಕಾದ ದ್ವೀಪದಲ್ಲಿ ವಿಮಾನ ನಿಲ್ದಾಣ ಇದೆಯಾ ಅಂತ ನೋಡಿಕೊಳ್ಳಿ. ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ದ್ವೀಪದಲ್ಲಿ ಇಲ್ಲ, ಪೆಸಿಫಿಕ್‌ನ ಪಿಟ್‌ಕೇರ್ನ್ ದ್ವೀಪದಲ್ಲೂ ಇಲ್ಲ, ಅಲ್ಲಿಗೆ ಹಡಗೇ ಗತಿ. ನಿಲ್ದಾಣ ಇದ್ದರೆ ದೂರದ ಲೆಕ್ಕಕ್ಕೆ ಹೈಸ್ಕೂಲ್ ಗಣಿತ ಸಾಕು.

ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ಮತ್ತು ಅಸೆನ್ಷನ್ ದ್ವೀಪಗಳನ್ನೇ ತೆಗೆದುಕೊಳ್ಳೋಣ. ಸೇಂಟ್ ಹೆಲೆನಾ ನಿಲ್ದಾಣ ಇರುವುದು 15.96 ಡಿಗ್ರಿ ದಕ್ಷಿಣ, 5.65 ಡಿಗ್ರಿ ಪಶ್ಚಿಮದಲ್ಲಿ. ಅಸೆನ್ಷನ್ ನಿಲ್ದಾಣ 7.97 ದಕ್ಷಿಣ, 14.39 ಪಶ್ಚಿಮ. ಅಕ್ಷಾಂಶದ ವ್ಯತ್ಯಾಸ ಹತ್ತಿರಹತ್ತಿರ 8 ಡಿಗ್ರಿ, ಒಂದು ಡಿಗ್ರಿಗೆ 111 ಕಿ.ಮೀ. ಅಂದರೆ 888 ಕಿ.ಮೀ. ರೇಖಾಂಶದ ವ್ಯತ್ಯಾಸ 8.74 ಡಿಗ್ರಿ. ಆದರೆ ಸಮಭಾಜಕದಿಂದ ದೂರ ಹೋದಷ್ಟೂ ರೇಖಾಂಶಗಳು ಹತ್ತಿರ ಸೇರುತ್ತವೆ ಅಲ್ವಾ, ಹಾಗಾಗಿ ಇದನ್ನು 111ರಿಂದ ಗುಣಿಸಿ, ನಡುವಿನ ಅಕ್ಷಾಂಶವಾದ 12 ಡಿಗ್ರಿಯ ಕೊಸೈನ್‌ನಿಂದ (0.978) ಮತ್ತೆ ಗುಣಿಸಬೇಕು. 949 ಕಿ.ಮೀ. ಬರುತ್ತದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1,300 ಕಿ.ಮೀ.

ಒಂದು ದ್ವೀಪ ಉತ್ತರ ಗೋಳದಲ್ಲಿ, ಇನ್ನೊಂದು ದಕ್ಷಿಣದಲ್ಲಿ ಇದ್ದರೆ ಅಕ್ಷಾಂಶಗಳನ್ನು ಕಳೆಯಬೇಡಿ, ಕೂಡಿಸಿ. ರೇಖಾಂಶದ ವ್ಯತ್ಯಾಸ 180 ದಾಟಿದರೆ 360ರಿಂದ ಕಳೆಯಿರಿ. ಈಸ್ಟರ್ ದ್ವೀಪದಿಂದ ತಾಹಿತಿಗೆ 4,000 ಕಿ.ಮೀ.ಗೂ ಜಾಸ್ತಿ, ಅಂಥ ದೂರಕ್ಕೆ ಈ ವಿಧಾನ ಬೇಡ. ಭೂಮಿ ಗುಂಡಗಿದೆ, ತಪ್ಪು ಬೆಳೆಯುತ್ತಾ ಹೋಗುತ್ತದೆ. ಗ್ರೇಟ್ ಸರ್ಕಲ್ ದೂರ (ಗುಂಡಗಿರುವ ಭೂಮಿಯ ಮೇಲೆ ಎರಡು ಜಾಗಗಳ ನಡುವಿನ ಅತಿ ಕಡಿಮೆ ದೂರ) ತೋರಿಸುವ ಯಾವುದಾದರೂ ಸೈಟಿನಲ್ಲಿ ಎರಡೂ ನಿಲ್ದಾಣಗಳ ಮೂರಕ್ಷರದ ಕೋಡ್ ಹಾಕಿ ನೋಡಿ.

ಸಮಯಕ್ಕೆ ಬರೋಣ. ಜೆಟ್ ವಿಮಾನವಾದರೆ ಗಂಟೆಗೆ 800 ಕಿ.ಮೀ. ಹಿಡಿಯಿರಿ. 1,300 ಕಿ.ಮೀ.ಗೆ 1 ಗಂಟೆ 37 ನಿಮಿಷ. ಏರಲು, ಇಳಿಯಲು, ರನ್‌ವೇ ತನಕ ಓಡಾಡಲು ಅರ್ಧ ಗಂಟೆ ಸೇರಿಸಿದರೆ ಎರಡು ಗಂಟೆ ಚಿಲ್ಲರೆ. ಗಂಟೆಗೆ 80 ಕಿ.ಮೀ. ಎದುರುಗಾಳಿ ಸಿಕ್ಕರೆ ಇನ್ನೂ 11 ನಿಮಿಷ. ಚಿಕ್ಕ ಪ್ರೊಪೆಲ್ಲರ್ ವಿಮಾನವಾದರೆ ಈ ವೇಗ ಹಿಡಿಯಲೇಬೇಡಿ, ಅದು ತುಂಬಾ ನಿಧಾನ.

ಆದರೆ ನನ್ನ ಮಟ್ಟಿಗೆ ಹಾರಾಟದ ಸಮಯಕ್ಕಿಂತ ಮುಖ್ಯವಾದದ್ದು ವಿಮಾನ ಯಾವ ದಿನ ಇದೆ ಅನ್ನೋದು. ಈ ಎರಡು ದ್ವೀಪಗಳ ನಡುವಿನ ಸೇವೆ ತಿಂಗಳಿಗೊಮ್ಮೆ ಲೆಕ್ಕದಲ್ಲಿ ಶುರುವಾದದ್ದು. ಒಂದು ತಪ್ಪಿದರೆ ಎರಡು ಗಂಟೆಯ ದಾರಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಅದಕ್ಕೇ ದೂರ ಲೆಕ್ಕ ಹಾಕುವ ಮೊದಲೇ ವೇಳಾಪಟ್ಟಿ ನೋಡಿ, ಅಸೆನ್ಷನ್‌ಗೆ ಬೇಕಾದ ಪ್ರವೇಶ ಅನುಮತಿಯನ್ನೂ ಮುಂಚೆಯೇ ಪಡೆಯಿರಿ. ಸೇಂಟ್ ಹೆಲೆನಾದಲ್ಲಿ ರನ್‌ವೇ ಹತ್ತಿರದ ಗಾಳಿ ಬಹಳ ತೊಂದರೆ ಕೊಡುತ್ತದೆ, ಆ ಗಾಳಿಯಿಂದಲೇ ಅಲ್ಲಿಗೆ ವಾಣಿಜ್ಯ ವಿಮಾನ ಶುರುವಾಗುವುದು 2017ರ ಅಕ್ಟೋಬರ್‌ವರೆಗೆ ತಡವಾಯಿತು. ಹಾಗಾಗಿ ಇಳಿದ ದಿನವೇ ಮುಂದಿನ ಟಿಕೆಟ್ ಇಟ್ಟುಕೊಳ್ಳಬೇಡಿ, ಕೆಲವು ದಿನ ಬಿಡುವಿರಲಿ.

ಕೊನೆಗೆ ಗಡಿಯಾರ. ಈ ಎರಡು ದ್ವೀಪಗಳಲ್ಲಿ ಒಂದೇ ಸಮಯ, ಚಿಂತೆಯಿಲ್ಲ. ಪೆಸಿಫಿಕ್‌ನಲ್ಲಿ ಹಾಗಲ್ಲ. ಸಮೋವಾ ಮತ್ತು ಅಮೆರಿಕನ್ ಸಮೋವಾ ನಡುವೆ ಹಾರಾಟ ಒಂದು ಗಂಟೆಯೂ ಇಲ್ಲ, ಗಡಿಯಾರ ಮಾತ್ರ ಪೂರ್ತಿ 24 ಗಂಟೆ ಬೇರೆ, ಯಾಕೆಂದರೆ ನಡುವೆ ದಿನಾಂಕ ರೇಖೆ ಇದೆ, ಅದನ್ನು ದಾಟಿದರೆ ತಾರೀಖು ಬದಲಾಗುತ್ತದೆ. ಸಮೋವಾದಿಂದ ಇವತ್ತು ಹೊರಟರೆ ಇಳಿಯುವುದು ನಿನ್ನೆಯ ತಾರೀಖಿನಲ್ಲಿ. ರೂಮ್ ಬುಕ್ ಮಾಡುವಾಗ ಹೊರಡುವ ತಾರೀಖು ಹಾಕಬೇಡಿ, ಟಿಕೆಟಿನಲ್ಲಿ ಇಳಿಯುವ ತಾರೀಖು ಏನಿದೆಯೋ ಅದನ್ನೇ ಹಾಕಿ.